ನಂಜು ಆಗುವುದು, ನಂಜು ಏರುವುದು: ಹೊಸೂರು ಗಡಿಯಿಂದ ಸೆಪ್ಸಿಸ್ ಚರಿತ್ರೆಯ ಒಂದು ಓದು

(ಸ್ನಾತಕೋತ್ತರ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

ಧ್ವನಿ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೀನಿ.

ನಾನು ಹೊಸೂರಿನ ಆಲಸನತ್ತಂನವಳು. ನಮ್ಮ ಕಡೆ ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಆಸ್ಪತ್ರೆ ಮತ್ತು ಕಚೇರಿಯಲ್ಲಿ ತಮಿಳು. ಈ ಪ್ರಬಂಧ ಹುಟ್ಟಿದ್ದು ಒಂದು ಆಸ್ಪತ್ರೆಯ ಬಾಗಿಲಲ್ಲಿ. ಅದನ್ನ ಹೇಳಿಬಿಟ್ಟು ವಿಷಯಕ್ಕೆ ಬರ್ತೀನಿ.

ನಮ್ಮ ತಾತ ಗುಲಾಬಿ ತೋಟದಲ್ಲಿ ಕೆಲಸ ಮಾಡ್ತಿದ್ದವರು. ಹೊಸೂರು ಸುತ್ತಮುತ್ತಲ ಪಾಲಿಹೌಸ್ ಗುಲಾಬಿ ನಿಮಗೆಲ್ಲ ಗೊತ್ತಿರುತ್ತೆ. ಮೂರು ವರ್ಷದ ಹಿಂದೆ ಅವರ ಕಾಲಿನ ಬೆರಳಿಗೆ ಮುಳ್ಳು ಚುಚ್ಚಿತು. ಸಕ್ಕರೆ ಕಾಯಿಲೆ ಇದ್ದದ್ದರಿಂದ ನೋವು ಅಷ್ಟಾಗಿ ಗೊತ್ತಾಗಲಿಲ್ಲ. ಅರಿಶಿನ ಹಚ್ಚಿದ್ರು, ಬಟ್ಟೆ ಸುತ್ತಿದ್ರು. ಕಾಲು ಊದಿತು. "ನಂಜಾಗಿದೆ, ಬದನೆಕಾಯಿ ಕೊಡಬೇಡ" ಅಂತ ಅಜ್ಜಿ ಅಮ್ಮನಿಗೆ ಹೇಳಿದ್ರು. ಮೆಡಿಕಲ್ ಶಾಪಿನಿಂದ ಎರಡು ಹೊತ್ತಿನ ಮಾತ್ರೆ ಬಂತು. ನಾಲ್ಕನೇ ದಿನ ಬೆಳಗ್ಗೆ ತಾತ ಬಡಬಡಿಸೋಕೆ ಶುರು ಮಾಡಿದ್ರು. ಹಿಂದಿನ ಸಂಜೆಯಿಂದ ಮೂತ್ರ ಮಾಡಿರಲಿಲ್ಲ. ಕೈಕಾಲು ತಣ್ಣಗಿತ್ತು, ಉಸಿರು ಮಾತ್ರ ಓಡ್ತಿತ್ತು.

ಆಸ್ಪತ್ರೆಗೆ ಕರ್ಕೊಂಡು ಹೋದಾಗ ಅಮ್ಮ ಗಾಬರಿಯಲ್ಲಿ ತಮ್ಮ ಭಾಷೆಯಲ್ಲೇ ಹೇಳಿದ್ರು: "ನಂಜು ಏರಿಬಿಟ್ಟಿದೆ ಕಣಮ್ಮ." ಎದುರಿಗಿದ್ದ ನರ್ಸ್ ತಮಿಳಿನವರು. ಅವರ ಮುಖ ಬದಲಾಯಿತು. "ಎನ್ನ ಕುಡಿಚ್ಚಾರು?" ಅಂತ ಕೇಳಿದ್ರು. ಏನು ಕುಡಿದ್ರು ಅಂತ. ತಮಿಳಿನಲ್ಲಿ ನಂಜು ಅಂದ್ರೆ ವಿಷ. ವಯಸ್ಸಾದ ಮನುಷ್ಯ, ಬಡಬಡಿಸ್ತಿದ್ದಾರೆ, ಮಗಳು ನಂಜು ಅಂತಿದ್ದಾಳೆ. ವಿಷ ಕುಡಿದ ಕೇಸು ಅಂತ ಅವರು ತಿಳ್ಕೊಂಡಿದ್ದರಲ್ಲಿ ತಪ್ಪೇನೂ ಇಲ್ಲ. ಬಾಯಿ ಮೂಸಿ ನೋಡಿದ್ರು, ಯಾವ ಔಷಧಿ, ಎಷ್ಟೊತ್ತಿಗೆ, ಮನೆಯಲ್ಲಿ ಏನಾದ್ರೂ ಜಗಳವಾ ಅಂತ ಕೇಳಿದ್ರು. ನಾನು ಆಟೋಗೆ ದುಡ್ಡು ಕೊಟ್ಟು ಒಳಗೆ ಬಂದು ಕಾಲಿನ ಬಟ್ಟೆ ಬಿಚ್ಚಿ ತೋರಿಸೋವರೆಗೂ ಈ ಗೊಂದಲ ನಡೀತು. ಹೆಚ್ಚೆಂದರೆ ಹತ್ತು ನಿಮಿಷ.

ಆ ಹತ್ತು ನಿಮಿಷದ ಬಗ್ಗೆ ಯೋಚನೆ ಮಾಡ್ತಾ ಹೋದಾಗ ನನಗೆ ಸಿಕ್ಕಿದ್ದು ಒಂದು ಪದದ ಚರಿತ್ರೆ. ಆ ಪದದ ಹಿಂದೆ ಒಂದು ಕಾಯಿಲೆಯ ಚರಿತ್ರೆಯೂ ಇತ್ತು. ನಾನು ವೈದ್ಯಳಲ್ಲ, ಕನ್ನಡ ಎಂ.ಎ. ವಿದ್ಯಾರ್ಥಿನಿ. ಹಾಗಾಗಿ ಪದ ಹಿಡಿದುಕೊಂಡೇ ಹೋಗ್ತೀನಿ.

1. ಪದ: ವಿಷ, ಕೀವು, ದೇವರು

ಗ್ರೀಕ್ ಮೂಲದ 'ಸೆಪ್ಸಿಸ್' ಎಂಬ ಪದಕ್ಕೆ ಕೊಳೆಯುವಿಕೆ ಎಂಬ ಅರ್ಥ. ಹಿಪ್ಪೊಕ್ರೆಟಿಸ್‌ನ ಹೆಸರಿನಲ್ಲಿರುವ ಬರಹಗಳಲ್ಲೇ ಆ ಪದವಿದೆ. ಗ್ರೀಕರು ಕೊಳೆಯುವ ಮಾಂಸವನ್ನು ನೋಡಿ ಹೆಸರಿಟ್ಟರು. ನಮ್ಮವರು ವಿಷದ ಹೆಸರಿಟ್ಟರು. ತಮಿಳು, ಮಲಯಾಳಂ, ಕನ್ನಡ ಮೂರರಲ್ಲೂ ನಂಜು ಎಂದರೆ ಮೂಲತಃ ವಿಷ. ಕನ್ನಡದಲ್ಲಿ ಮಾತ್ರ ದಿನಬಳಕೆಯ ಅರ್ಥ ಪಕ್ಕಕ್ಕೆ ಸರಿದು ಗಾಯದ ಹತ್ತಿರ ಬಂದು ಕೂತಿದೆ. ಇವತ್ತು ಹಳ್ಳಿಯಲ್ಲಿ 'ನಂಜಾಗಿದೆ' ಅಂದ್ರೆ ಗಾಯ ಕೀವಾಗಿದೆ, ಊದಿದೆ ಅಂತಲೇ ಅರ್ಥ. 'ಬಾಣಂತಿ ನಂಜು' ಅಂದ್ರೆ ಹೆರಿಗೆಯಾದ ಮೇಲೆ ಬರುವ ಕೆಟ್ಟ ಜ್ವರ. 'ನಂಜಿನ ಪದಾರ್ಥ' ಅಂದ್ರೆ ಗಾಯ ಇರೋರು ತಿನ್ನಬಾರದ್ದು. 'ನಂಜು ಕಾರ್ತಾನೆ' ಅಂದಾಗ ಮಾತ್ರ ಹಳೆಯ ವಿಷದ ಅರ್ಥ ತಿರುಗಿ ಬರುತ್ತೆ. ಆಧುನಿಕ ವೈದ್ಯಕೀಯ ಕನ್ನಡ ಇದೇ ಬೇರಿನಿಂದ 'ನಂಜುನಿರೋಧಕ' ಎಂಬ ಪದವನ್ನು ಕಟ್ಟಿಕೊಂಡಿತು.

ವಿಷದ ಬಗ್ಗೆ ಕನ್ನಡದಲ್ಲಿ ದೊಡ್ಡ ಶಾಸ್ತ್ರಗ್ರಂಥವೇ ಇದೆ: 14ನೇ ಶತಮಾನದ ಜೈನಕವಿ ಒಂದನೇ ಮಂಗರಾಜನ 'ಖಗೇಂದ್ರಮಣಿದರ್ಪಣ'. ಖಗೇಂದ್ರ ಎಂದರೆ ಗರುಡ, ಹಾವಿನ ವೈರಿ. ಸಸ್ಯ ಮತ್ತು ಖನಿಜಗಳ ಸ್ಥಾವರ ವಿಷ, ಪ್ರಾಣಿಗಳ ಜಂಗಮ ವಿಷ, ಅವುಗಳ ಚಿಕಿತ್ಸೆ ಅದರ ವಸ್ತು. ಕನ್ನಡ ವೈದ್ಯಗ್ರಂಥಗಳಲ್ಲಿ ಇಷ್ಟು ಮುಖ್ಯವಾದ ಒಂದು ಕೃತಿ ವಿಷವನ್ನೇ ವಸ್ತುವಾಗಿ ಆರಿಸಿಕೊಂಡಿದೆ ಎಂಬುದು ಗಮನಿಸಬೇಕಾದ ಸಂಗತಿ. ವಿಷ ಹೊರಗಿನಿಂದ ಬರುತ್ತೆ, ಏರುತ್ತೆ, ಇಳಿಸಬಹುದು ಎಂಬ ತಿಳಿವಳಿಕೆಯ ಚೌಕಟ್ಟು ನಮ್ಮಲ್ಲಿ ಗಟ್ಟಿಯಾಗಿತ್ತು. ಗಾಯದ ಜ್ವರವನ್ನೂ ಜನ ಅದೇ ಚೌಕಟ್ಟಿನಲ್ಲಿಟ್ಟು ನೋಡಿದರು ಅನ್ನೋದು ನನ್ನ ಊಹೆ.

ಇನ್ನು ನಂಜುಂಡ. ವಿಷ ಕುಡಿದ ಶಿವ. ನಮ್ಮ ಕಡೆ ಬೀದಿಗೊಬ್ಬ ನಂಜಪ್ಪ, ಬೀದಿಗೊಬ್ಬಳು ನಂಜಮ್ಮ. ತಾತನ ಹೆಸರೂ ಈ ಪದದಿಂದಲೇ ಶುರುವಾಗುತ್ತೆ. ನಂಜನಗೂಡಿನ ದೇವರನ್ನು ಟಿಪ್ಪು ಸುಲ್ತಾನ್ 'ಹಕೀಂ ನಂಜುಂಡ' ಎಂದು ಕರೆದ ಎಂಬ ಐತಿಹ್ಯವಿದೆ. ತನ್ನ ಆನೆಯ ಕಣ್ಣು ವಾಸಿಯಾದದ್ದಕ್ಕೆ ಪಚ್ಚೆಯ ಲಿಂಗ ಕೊಟ್ಟನಂತೆ. ವಿಷ ಕುಡಿದವನೇ ವೈದ್ಯ. ಈ ಕಥೆಯಲ್ಲಿ ವಿಷ ಎಲ್ಲಿ ನಿಂತಿತು ಅನ್ನೋದನ್ನ ನೆನಪಿಟ್ಟುಕೊಳ್ಳಿ: ಗಂಟಲಲ್ಲಿ. ಕೆಳಗಿಳಿಯಲಿಲ್ಲ. ಈ ಮಾತಿಗೆ ಮತ್ತೆ ಬರ್ತೀನಿ.

ಒಂದು ಎಚ್ಚರಿಕೆ. ಸುಶ್ರುತನಲ್ಲಿ ದುಷ್ಟವ್ರಣದ ಮಾತಿದೆ, ಆಯುರ್ವೇದದಲ್ಲಿ ಮೂರೂ ದೋಷ ಒಟ್ಟಿಗೆ ಕೆರಳುವ ಸನ್ನಿಪಾತವಿದೆ. ನಮ್ಮ 'ಬಾಣಂತಿ ಸನ್ನಿ' ಅಲ್ಲಿಂದಲೇ ಬಂದದ್ದು. ಇದನ್ನೆಲ್ಲ ಮುಂದಿಟ್ಟು 'ನಮ್ಮವರಿಗೆ ಆಗಲೇ ಎಲ್ಲ ಗೊತ್ತಿತ್ತು' ಅನ್ನೋದು ನನ್ನ ವಾದವಲ್ಲ. ಗೊತ್ತಿದ್ದಿದ್ರೆ ನಮ್ಮ ಮುತ್ತಜ್ಜಿ ಸಾಯ್ತಿರಲಿಲ್ಲ.

2. ಮುತ್ತಜ್ಜಿಯ ಸಾವು: ಎರಡು ಸಾಕ್ಷ್ಯ

ತಾತ ಹುಟ್ಟಿದ ಒಂಬತ್ತನೇ ದಿನಕ್ಕೆ ಅವರ ತಾಯಿ ತೀರಿಕೊಂಡರು. ವರ್ಷ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಎರಡನೇ ಮಹಾಯುದ್ಧದ ಕಾಲ ಅಂತಾರೆ. ದಾಖಲೆ ಇಲ್ಲ. ಇರೋದು ಮನೆಯಲ್ಲಿ ಉಳಿದಿರುವ ಎರಡು ವಾಕ್ಯ ಮಾತ್ರ.

ತಾತ ಹೇಳೋದು: "ನಮ್ಮವ್ವ ನಂಜಾಗಿ ಸತ್ತಳು." ತಾತನನ್ನ ಸಾಕಿದ ಅವರ ಅತ್ತೆ ಹೇಳ್ತಿದ್ದದ್ದು: "ನಂಜು ಬೀಳಲಿಲ್ಲ, ಅದಕ್ಕೇ ಸತ್ತಳು." ಚಿಕ್ಕವಳಿದ್ದಾಗ ಎರಡೂ ಒಂದೇ ಅಂದ್ಕೊಂಡಿದ್ದೆ. ಈ ಪ್ರಬಂಧಕ್ಕೆ ಕೂತಾಗ ಗೊತ್ತಾಯ್ತು, ಅಲ್ಲ. ಹೆರಿಗೆ ಮಾಡಿಸಿದ ಸೂಲಗಿತ್ತಿ ತಮಿಳಿನವಳು. ತಮಿಳಿನಲ್ಲಿ ಮಗುವಿನ ಹಿಂದೆ ಬರುವ ಮಾಸಿಗೆ 'ನಂಜು' ಅಂತಲೂ 'ನಂಜುಕ್ಕೊಡಿ' ಅಂತಲೂ ಹೆಸರು. ಅಂದರೆ ಆಕೆ ಹೇಳಿದ್ದು ಮಾಸು ಬೀಳಲಿಲ್ಲ ಅಂತ. ಮನೆಯವರು ಕನ್ನಡದ ಕಿವಿಯಲ್ಲಿ ಕೇಳಿಸ್ಕೊಂಡು ಆ ಮಾತನ್ನ ಕಾಯಿಲೆಯ ಹೆಸರು ಮಾಡಿದ್ರು.

ಮೌಖಿಕ ಇತಿಹಾಸದ ತರಗತಿಯಲ್ಲಿ ನಾವು ಓದಿದ್ದು ಇದನ್ನೇ ಅಲ್ವಾ, ಸಾಕ್ಷ್ಯ ಯಾವ ಭಾಷೆಯ ಬಾಯಿಂದ ಯಾವ ಭಾಷೆಯ ಕಿವಿಗೆ ಹೋಯ್ತು ಅಂತ ಕೇಳಬೇಕು. ಆದರೆ ಇಲ್ಲಿ ಎರಡೂ ವಾಕ್ಯ ನಿಜವಾಗಿರೋ ಸಾಧ್ಯತೆ ಇದೆ. ಮಾಸಿನ ತುಂಡು ಗರ್ಭಕೋಶದಲ್ಲಿ ಉಳಿದರೆ ಅಲ್ಲಿ ಸೋಂಕು ಹಿಡಿಯುತ್ತೆ. ಅದೇ ರಕ್ತಕ್ಕೆ ಹರಡಿದರೆ ಬಾಣಂತಿ ನಂಜು. ತಮಿಳಿನ ನಂಜು ಕಾರಣ, ಕನ್ನಡದ ನಂಜು ಪರಿಣಾಮ.

ಮನೆಯಲ್ಲಿ ಮೂರನೆಯ ಮಾತೂ ಒಂದಿದೆ, ಅದು ಆರೋಪ: ಮುತ್ತಜ್ಜಿ ಪಥ್ಯ ಮುರಿದಳು, ಐದನೇ ದಿನವೇ ತಣ್ಣೀರು ಕುಡಿದಳು. ಸತ್ತವಳ ಮೇಲೇ ತಪ್ಪು. ಬಾಣಂತಿ ನಂಜಿನ ಚರಿತ್ರೆ ಎಂದರೆ ಈ ತಪ್ಪು ಯಾರದ್ದು ಎಂಬ ಪ್ರಶ್ನೆಯ ಚರಿತ್ರೆಯೂ ಹೌದು. ಇದೇ ಪ್ರಶ್ನೆ ಯುರೋಪಿನಲ್ಲೂ ಎದ್ದಿತ್ತು.

3. ವಿಯೆನ್ನಾ, 1847: ಕೈ ಯಾರದ್ದು?

1795ರಲ್ಲಿ ಸ್ಕಾಟ್ಲೆಂಡಿನ ಆಬರ್ಡೀನ್‌ನ ವೈದ್ಯ ಅಲೆಕ್ಸಾಂಡರ್ ಗಾರ್ಡನ್ ಒಂದು ಪುಸ್ತಕ ಬರೆದ. ಬಾಣಂತಿ ಜ್ವರವನ್ನು ಒಬ್ಬಳಿಂದ ಇನ್ನೊಬ್ಬಳಿಗೆ ಹೊತ್ತೊಯ್ಯುವವರು ವೈದ್ಯರು ಮತ್ತು ಸೂಲಗಿತ್ತಿಯರು, ಅದರಲ್ಲಿ ತಾನೂ ಒಬ್ಬ ಎಂದು ಒಪ್ಪಿಕೊಂಡ. ಯಾರಿಗೂ ಹಿಡಿಸಲಿಲ್ಲ.

ಐವತ್ತು ವರ್ಷದ ನಂತರ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದರು. 1846ರಲ್ಲಿ ಒಂದನೆಯ ವಿಭಾಗದಲ್ಲಿ ನೂರಕ್ಕೆ 11.4 ತಾಯಂದಿರು ಸತ್ತರು, ಎರಡನೆಯದರಲ್ಲಿ 2.8. ಊರಿನ ಹೆಂಗಸರಿಗೂ ಇದು ಗೊತ್ತಿತ್ತು, ಒಂದನೆಯ ವಿಭಾಗಕ್ಕೆ ಹಾಕಬೇಡಿ ಅಂತ ಬೇಡಿಕೊಳ್ತಿದ್ದರು. ಅಲ್ಲಿ ಕೆಲಸ ಮಾಡ್ತಿದ್ದ ಇಗ್ನಾಜ್ ಸೆಮ್ಮೆಲ್‌ವೈಸ್‌ಗೆ ಕಾರಣ ಹೊಳೆದದ್ದು 1847ರಲ್ಲಿ, ಗೆಳೆಯ ಕೊಲೆಚ್ಕಾ ಸತ್ತಾಗ. ಶವಪರೀಕ್ಷೆ ಮಾಡುವಾಗ ವಿದ್ಯಾರ್ಥಿಯ ಚಾಕು ಕೊಲೆಚ್ಕಾನ ಬೆರಳಿಗೆ ತಾಗಿತ್ತು. ಅವನ ದೇಹದಲ್ಲಿ ಕಂಡ ಬದಲಾವಣೆಗಳು ಬಾಣಂತಿಯರ ದೇಹದಲ್ಲಿ ಕಂಡಂಥವೇ. ಅಂದರೆ ವಿದ್ಯಾರ್ಥಿಗಳು ಶವಾಗಾರದಿಂದ ನೇರ ಹೆರಿಗೆ ಕೋಣೆಗೆ ಬರುತ್ತಿದ್ದಾರೆ, ಕೈಯಲ್ಲಿ ಏನೋ ತರುತ್ತಿದ್ದಾರೆ.

ಆ ವರ್ಷದ ಮೇ ತಿಂಗಳಿಂದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಲೇಬೇಕು ಎಂದು ನಿಯಮ ಮಾಡಿದ. 1848ರಲ್ಲಿ ಒಂದನೆಯ ವಿಭಾಗದ ಸಾವು ನೂರಕ್ಕೆ 1.27ಕ್ಕೆ ಇಳಿಯಿತು. ಆದರೂ ಹಿರಿಯರು ಒಪ್ಪಲಿಲ್ಲ. ವೈದ್ಯರ ಕೈ ಕೊಳಕು ಎಂದು ಹೇಗೆ ಒಪ್ಪುವುದು? ಗಾಳಿ, ಹವೆ, ಹೆಂಗಸಿನ ಮನಸ್ಸು ಎಂದೆಲ್ಲ ಕಾರಣ ಹೇಳುತ್ತಲೇ ಇದ್ದರು. ನಮ್ಮ ಮನೆಯ ತಣ್ಣೀರಿನ ಆರೋಪದ ಯುರೋಪಿಯನ್ ರೂಪ ಇದು.

1865ರ ಆಗಸ್ಟ್ 12ರಂದು ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಕಾಲು ಮುರಿದ ಒಬ್ಬ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ. ನಂಜುನಿರೋಧಕ ಶಸ್ತ್ರಚಿಕಿತ್ಸೆ ಶುರುವಾದದ್ದು ಅಲ್ಲಿಂದ. ಮಾರನೇ ದಿನ, ಆಗಸ್ಟ್ 13ರಂದು, ವಿಯೆನ್ನಾದ ಮಾನಸಿಕ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ತೀರಿಕೊಂಡ. ಕಾರಣ, ಗಾಯಕ್ಕೆ ನಂಜಾಗಿ ರಕ್ತಕ್ಕೆ ಏರಿದ್ದು.

4. 1935 ಮತ್ತು 1941: ಔಷಧಿ ಇತ್ತು, ದಾರಿ ಇರಲಿಲ್ಲ

ಈಗ ನಮ್ಮ ಕಡೆಗೆ ಬರೋಣ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲೇ ತೆರೆದಿತ್ತು. ಹೆಂಗಸರು ಮತ್ತು ಮಕ್ಕಳಿಗಾಗಿ ವಾಣಿವಿಲಾಸ ಆಸ್ಪತ್ರೆ ಶುರುವಾದದ್ದು 1935ರಲ್ಲಿ. 1895ರಿಂದ 1902ರವರೆಗೆ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದ ಹೆಸರು ಅದಕ್ಕೆ. ಆ ಮಹಾರಾಣಿಯ ನಿಜಹೆಸರು ಕೆಂಪನಂಜಮ್ಮಣ್ಣಿ. ಸಾವಿರಾರು ಬಾಣಂತಿಯರನ್ನು ನಂಜಿನಿಂದ ಉಳಿಸಿದ ಆಸ್ಪತ್ರೆಯ ಹಿಂದೆ ಹೀಗೆ ನಂಜಮ್ಮನ ಹೆಸರಿದೆ.

ಅದೇ 1935ರಲ್ಲಿ ಜರ್ಮನಿಯ ಗೆರ್ಹಾರ್ಟ್ ಡೊಮಾಕ್ 'ಪ್ರಾಂಟೊಸಿಲ್' ಎಂಬ ಕೆಂಪು ಬಣ್ಣದ ಔಷಧಿಯ ಬಗ್ಗೆ ಬರೆದ. ಸಲ್ಫಾ ಔಷಧಿಗಳಲ್ಲಿ ಅದು ಮೊದಲನೆಯದು. ಮರುವರ್ಷ ಲಂಡನ್ನಿನ ಕ್ವೀನ್ ಷಾರ್ಲಟ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಕೋಲ್‌ಬ್ರೂಕ್ ಬಾಣಂತಿ ಜ್ವರಕ್ಕೆ ಅದನ್ನು ಕೊಟ್ಟು ನೋಡಿದ, ಸಾವುಗಳು ಇಳಿದವು.

ಅಂದರೆ ಮುತ್ತಜ್ಜಿ ಸಾಯುವ ಹೊತ್ತಿಗೆ ಔಷಧಿ ಲೋಕದಲ್ಲಿ ಇತ್ತು. ನಲವತ್ತು ಕಿಲೋಮೀಟರ್ ದೂರದಲ್ಲಿ ಹೆಂಗಸರ ಆಸ್ಪತ್ರೆಯೂ ಇತ್ತು. ಆದರೆ ಹೊಸೂರು ಆಗ ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆ, ಬೆಂಗಳೂರು ಮೈಸೂರು ಸಂಸ್ಥಾನ. ಜಿಲ್ಲಾ ಕೇಂದ್ರ ಸೇಲಂ ನೂರೈವತ್ತು ಕಿಲೋಮೀಟರಿಗೂ ದೂರ. ಗಡಿ ದಾಟಬಾರದು ಅಂತ ಯಾರೂ ತಡೆದಿರಲಿಲ್ಲ. ಆದರೆ ಒಂಬತ್ತು ದಿನದ ಬಾಣಂತಿಯನ್ನ ಎತ್ತಿನ ಗಾಡಿಯಲ್ಲಿ ಹಾಕ್ಕೊಂಡು ಹೊರಡಬೇಕು ಅಂತ ಯಾರಿಗೆ ಹೊಳೀತಿತ್ತು? ಹೊಳೆಯೋಕೆ ಮೊದಲು ಇದು ಇಳಿಸಬಹುದಾದ ನಂಜು ಅನ್ನೋದು ಗೊತ್ತಿರಬೇಕಿತ್ತು.

ಅದೇ ಯುದ್ಧದ ಕಾಲದ ಇನ್ನೊಂದು ಕಥೆ ಹೇಳ್ತೀನಿ, ಅದರಲ್ಲಿ ಗುಲಾಬಿ ಬರುತ್ತೆ. 1941ರ ಫೆಬ್ರವರಿ 12ರಂದು ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಪೆನಿಸಿಲಿನ್ ಚುಚ್ಚಿದರು. ಚಿಕಿತ್ಸೆಯಾಗಿ ಅದನ್ನು ಚುಚ್ಚಿಸಿಕೊಂಡವರಲ್ಲಿ ಅವನೇ ಮೊದಲಿಗ. ಮುಖ, ನೆತ್ತಿ, ಕಣ್ಣು ಎಲ್ಲ ಕೀವು. ಒಂದೇ ದಿನದಲ್ಲಿ ಚೇತರಿಕೆ ಕಂಡಿತು. ಆದರೆ ಪೆನಿಸಿಲಿನ್ ಇದ್ದದ್ದೇ ಅಷ್ಟು. ಅವನ ಮೂತ್ರದಿಂದ ಮತ್ತೆ ಅದನ್ನೇ ತೆಗೆದು ಚುಚ್ಚಿದರು. ಐದು ದಿನಕ್ಕೆ ಮುಗಿದುಹೋಯಿತು. ಮಾರ್ಚ್ 15ರಂದು ಅವನು ಸತ್ತ. ಗುಲಾಬಿ ಮುಳ್ಳು ಗೀರಿ ನಂಜಾಯಿತು ಎಂದು ಎಷ್ಟೋ ಪುಸ್ತಕಗಳಲ್ಲಿದೆ. ಗಾಯವಾದದ್ದು ಬಾಂಬ್ ದಾಳಿಯಲ್ಲಿ ಎಂದು ಅವನ ಕುಟುಂಬದವರು ಮುಂದೆ ಹೇಳಿದ್ದಾರೆ.

ಇತಿಹಾಸಕಾರರು ಗುಲಾಬಿಯನ್ನು ಕೈಬಿಡುತ್ತಿದ್ದಾರೆ, ಸರಿ. ಆದರೆ ಆ ಕಥೆ ಯಾಕೆ ಅಷ್ಟು ದಿನ ನಿಂತಿತು? ಮುಳ್ಳಿನಷ್ಟು ಸಣ್ಣದರಿಂದ ಆಳು ಸಾಯಬಹುದು ಅನ್ನೋದು ಆಗಿನ ಎಲ್ಲರ ಅನುಭವವಾಗಿತ್ತು, ನಂಬೋಕೆ ಕಷ್ಟವಾಗಲಿಲ್ಲ. ನಮ್ಮ ತಾತ ಗುಲಾಬಿ ಮುಳ್ಳಿನಿಂದ ಮಲಗಿದಾಗ ಮನೆಯಲ್ಲಿ ಯಾರೂ ಅದನ್ನ ನಂಬಲಿಲ್ಲ. "ಮುಳ್ಳಿಗೆಲ್ಲ ಆಸ್ಪತ್ರೆಯಾ" ಅಂದ್ವಿ. ಔಷಧಿ ಬಂದು ಎಂಬತ್ತು ವರ್ಷದಲ್ಲಿ ನಾವು ಆ ಭಯವನ್ನೇ ಮರೆತಿದ್ದೀವಿ.

5. 'ಸಂಸ್ಕಾರ'ದ ತಡ

ಸಾಹಿತ್ಯ ವಿಭಾಗದಲ್ಲಿ ಇದನ್ನ ಯಾಕೆ ಮಂಡಿಸ್ತಿದ್ದೀಯ ಅಂತ ಕೇಳಬಹುದು. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ನಾವೆಲ್ಲ ಓದಿರೋ ಕಾದಂಬರಿ. ಬ್ರಾಹ್ಮಣ್ಯ, ಕಾಮ, ಅಸ್ತಿತ್ವದ ಬಿಕ್ಕಟ್ಟು ಅಂತ ಪರೀಕ್ಷೆಯಲ್ಲಿ ಬರೀತೀವಿ. ನಾನು ಈ ಸಲ ಅದನ್ನ ಕಾಯಿಲೆಯ ಕಥೆಯಾಗಿ ಓದಿದೆ. ನಾರಣಪ್ಪ ಶಿವಮೊಗ್ಗದಿಂದ ಜ್ವರ ಹೊತ್ತು ಬಂದು ಸಾಯ್ತಾನೆ. ಶವಸಂಸ್ಕಾರ ಯಾರು ಮಾಡಬೇಕು ಎಂಬ ಪ್ರಶ್ನೆಗೆ ಅಗ್ರಹಾರ ಧರ್ಮಶಾಸ್ತ್ರದಲ್ಲಿ ಉತ್ತರ ಹುಡುಕುತ್ತೆ. ಅತ್ತ ಇಲಿಗಳು ಸಾಯುತ್ತವೆ, ರಣಹದ್ದುಗಳು ಮನೆಯ ಮೇಲೆ ಕೂರುತ್ತವೆ. 'ಪ್ಲೇಗು' ಎಂಬ ಹೆಸರು ಬರುವಷ್ಟರಲ್ಲಿ ಸಾವುಗಳಾಗಿವೆ. ಓದುವ ನಮಗೆ ಲಕ್ಷಣಗಳು ಕಾಣುತ್ತವೆ, ಪಾತ್ರಗಳಿಗೆ ಕಾಣುವುದಿಲ್ಲ. ಅವರ ಹತ್ತಿರ ಪ್ರಶ್ನೆ ಇದೆ, ಆದರೆ ತಪ್ಪು ಪ್ರಶ್ನೆ.

ನಮ್ಮ ಮನೆಯಲ್ಲಿ ನಾಲ್ಕು ದಿನ ನಡೆದದ್ದೂ ಅದೇ. ಬದನೆಕಾಯಿ ಕೊಡಬಹುದಾ, ಮೊಟ್ಟೆ ಕೊಡಬಹುದಾ ಅಂತ ಚರ್ಚೆ ಮಾಡಿದ್ವಿ. ಕಾಲಿನ ಕೆಂಪು ಎಲ್ಲಿವರೆಗೂ ಏರಿದೆ ಅಂತ ಬಟ್ಟೆ ಬಿಚ್ಚಿ ನೋಡಲಿಲ್ಲ. ನಂಜು ಎಂಬ ಪದ ಗೊತ್ತಿದ್ದೇ ನಮಗೆ ತೊಂದರೆಯಾಯ್ತೇನೋ. ಹೆಸರು ಸಿಕ್ಕಿತು, ಪಥ್ಯ ಸಿಕ್ಕಿತು, ಸಮಾಧಾನ ಆಯ್ತು.

6. ಗಂಟೆಯ ಲೆಕ್ಕ

ಆಸ್ಪತ್ರೆಯ ಒಳಗೆ ಏನಾಯ್ತು ಅನ್ನೋದನ್ನ ಆಮೇಲೆ ಓದಿ ತಿಳ್ಕೊಂಡೆ. ನರ್ಸ್ ಕಾಲನ್ನ ನೋಡಿದ ಕ್ಷಣದಿಂದ ಎಲ್ಲವೂ ಬೇಗ ಬೇಗ ನಡೀತು. ರಕ್ತದೊತ್ತಡ 80ಕ್ಕೆ 50. ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದ್ರು, ಲ್ಯಾಕ್ಟೇಟ್ ನೋಡಿದ್ರು, ಆಂಟಿಬಯಾಟಿಕ್ ಹಾಕಿದ್ರು, ಎರಡು ಕೈಯಲ್ಲೂ ಡ್ರಿಪ್ ಏರಿಸಿದ್ರು. ಒತ್ತಡ ಏರದಿದ್ದಾಗ ನಾರ್‌ಅಡ್ರಿನಲಿನ್ ಶುರು ಮಾಡಿದ್ರು. ಸಂಜೆ ಶಸ್ತ್ರಚಿಕಿತ್ಸೆ ಮಾಡಿ ಕೊಳೆತದ್ದನ್ನ ತೆಗೆದ್ರು. ಈ ಒಂದೊಂದು ಹೆಜ್ಜೆಗೂ ಚರಿತ್ರೆ ಇದೆ.

2001ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಇಮಾನ್ಯುಯಲ್ ರಿವರ್ಸ್ ಮತ್ತು ಸಂಗಡಿಗರು 263 ರೋಗಿಗಳ ಅಧ್ಯಯನ ಪ್ರಕಟಿಸಿದರು. ತುರ್ತು ವಿಭಾಗದ ಮೊದಲ ಆರು ಗಂಟೆಯಲ್ಲೇ ಗುರಿ ಇಟ್ಟು ಚಿಕಿತ್ಸೆ ಕೊಟ್ಟವರಲ್ಲಿ ಸಾವು 30.5 ಪ್ರತಿಶತ, ಉಳಿದವರಲ್ಲಿ 46.5. ಮುಂದೆ 2014 ಮತ್ತು 2015ರಲ್ಲಿ ಬಂದ ಮೂರು ದೊಡ್ಡ ಅಧ್ಯಯನಗಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಅಷ್ಟರಲ್ಲಿ ಸಾಮಾನ್ಯ ಚಿಕಿತ್ಸೆಯೇ ಚುರುಕಾಗಿತ್ತು ಎಂಬುದು ಅದಕ್ಕೆ ಕೊಡುವ ಮುಖ್ಯ ವಿವರಣೆ. ಅಂದರೆ ರಿವರ್ಸ್ ವಿಧಾನದ ವಿವರಗಳು ಬಿದ್ದುಹೋದವು, 'ಬೇಗ' ಎಂಬುದು ಉಳಿಯಿತು. 2006ರ ಇನ್ನೊಂದು ಅಧ್ಯಯನ, ಆನಂದ್ ಕುಮಾರ್ ಮತ್ತು ಸಂಗಡಿಗರದ್ದು, ಸೆಪ್ಟಿಕ್ ಶಾಕ್‌ನಲ್ಲಿ ರಕ್ತದೊತ್ತಡ ಕುಸಿದ ಮೇಲೆ ಸರಿಯಾದ ಆಂಟಿಬಯಾಟಿಕ್ ತಡವಾದ ಪ್ರತಿ ಗಂಟೆಗೂ ಬದುಕುವ ಸಾಧ್ಯತೆ ಸರಾಸರಿ 7.6 ಪ್ರತಿಶತ ಇಳಿಯುತ್ತದೆ ಎಂದು ಹೇಳಿತು.

2002ರಲ್ಲಿ ಶುರುವಾದ 'ಸರ್ವೈವಿಂಗ್ ಸೆಪ್ಸಿಸ್' ಅಭಿಯಾನದ 2021ರ ಮಾರ್ಗಸೂಚಿಯಲ್ಲಿ ಈ ಲೆಕ್ಕ ಇನ್ನಷ್ಟು ಸೂಕ್ಷ್ಮವಾಗಿದೆ. ಶಾಕ್ ಇದ್ದರೆ ಅಥವಾ ಸೆಪ್ಸಿಸ್ ಬಹುಮಟ್ಟಿಗೆ ಖಚಿತವಿದ್ದರೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್. ಶಾಕ್ ಇಲ್ಲದೆ ಬರೀ ಅನುಮಾನವಿದ್ದರೆ ಬೇಗ ಪರೀಕ್ಷಿಸಿ, ಅನುಮಾನ ಉಳಿದರೆ ಮೂರು ಗಂಟೆಯೊಳಗೆ. ರಕ್ತಸಂಚಾರ ಕುಗ್ಗಿದ್ದರೆ ಮೊದಲ ಮೂರು ಗಂಟೆಯಲ್ಲಿ ಕೆ.ಜಿ.ಗೆ ಕನಿಷ್ಠ 30 ಮಿ.ಲೀ. ದ್ರವ. ಅಂದರೆ 60 ಕೆ.ಜಿ. ತೂಕದ ನಮ್ಮ ತಾತನಂಥವರಿಗೆ 1,800 ಮಿ.ಲೀ. ರಕ್ತದೊತ್ತಡದ ಸರಾಸರಿ 65ಕ್ಕೆ ನಿಲ್ಲಬೇಕು. ಕೀವು ಇದ್ದರೆ ಹೊರಗೆ ತೆಗೆಯಬೇಕು. ಯಾಕೆ ಎಲ್ಲರಿಗೂ ಒಂದೇ ಗಂಟೆಯ ನಿಯಮ ಇಲ್ಲ? ಜ್ವರ ಬಂದವರಿಗೆಲ್ಲ ಬಲವಾದ ಆಂಟಿಬಯಾಟಿಕ್ ಸುರಿದರೆ ನಾಳೆ ಯಾವ ಔಷಧಿಯೂ ಹಿಡಿಯಲ್ಲ. 2010ರ ಹೊತ್ತಿಗೆ ಸುದ್ದಿಯಾದ ಎನ್‌ಡಿಎಂ-1 ಕಿಣ್ವ, ಹೆಸರಲ್ಲೇ ನವದೆಹಲಿ ಇರೋದು, ಇದನ್ನ ನೆನಪಿಸಿತು. ನಮ್ಮ ಮೆಡಿಕಲ್ ಶಾಪಿನ ಎರಡು ಹೊತ್ತಿನ ಮಾತ್ರೆಯೂ ಈ ಚರಿತ್ರೆಯ ಭಾಗವೇ.

ಇನ್ನು ವ್ಯಾಖ್ಯೆ. 1914ರಲ್ಲಿ ಜರ್ಮನಿಯ ಹ್ಯೂಗೊ ಷಾಟ್‌ಮ್ಯುಲರ್ ಪ್ರಕಾರ ಸೆಪ್ಸಿಸ್ ಎಂದರೆ ಒಂದು ನೆಲೆಯಿಂದ ಸೂಕ್ಷ್ಮಾಣುಗಳು ರಕ್ತಕ್ಕೆ ಸೇರುತ್ತ ಹೋಗುವುದು. 2016ರ ವ್ಯಾಖ್ಯೆ ಬೇರೆ. ಸೋಂಕಿಗೆ ದೇಹ ಕೊಡುವ ಪ್ರತಿಕ್ರಿಯೆಯೇ ಹದ ತಪ್ಪಿ, ಅಂಗಾಂಗಗಳು ಕೆಟ್ಟು, ಜೀವಕ್ಕೆ ಅಪಾಯ ಬರುವ ಸ್ಥಿತಿ. ಈಗ ನಂಜುಂಡನ ಗಂಟಲನ್ನು ನೆನಪಿಸಿಕೊಳ್ಳಿ. ದೇಹ ನಂಜನ್ನು ಒಂದೇ ಜಾಗದಲ್ಲಿ ಹಿಡಿದು ನಿಲ್ಲಿಸಿದರೆ ಅದು ಗಾಯ, ಕುರು, ಜ್ವರ. ಹಿಡಿತ ತಪ್ಪಿ, ಹಿಡಿಯೋಕೆ ಹೋದ ಕೈಯೇ ಮನೆ ಕೆಡವಿದರೆ ಅದು ಸೆಪ್ಸಿಸ್.

2017ರಲ್ಲಿ ವಿಶ್ವ ಆರೋಗ್ಯ ಸಭೆ ಸೆಪ್ಸಿಸ್ ಕುರಿತು ನಿರ್ಣಯ ಮಾಡಿತು. ಆ ಒಂದು ವರ್ಷದಲ್ಲಿ ಜಗತ್ತಿನಲ್ಲಿ 4.89 ಕೋಟಿ ಸೆಪ್ಸಿಸ್ ಪ್ರಕರಣ, 1.1 ಕೋಟಿ ಸಾವು ಎಂದು 2020ರ ಅಂದಾಜು. ಒಟ್ಟು ಸಾವುಗಳಲ್ಲಿ ಸುಮಾರು ಐದನೇ ಒಂದು ಭಾಗ.

7. 'ಆಗು' ಮತ್ತು 'ಏರು'

ನನ್ನ ಪ್ರಬಂಧದ ತೀರ್ಮಾನ ಸಣ್ಣದು. ನಾನು ಇಷ್ಟು ಹೊತ್ತು ನಾಮಪದದ ಬೆನ್ನು ಹತ್ತಿದ್ದೆ. ಕೊನೆಗೆ ಮುಖ್ಯ ಅನ್ನಿಸಿದ್ದು ಕ್ರಿಯಾಪದ.

ಅಜ್ಜಿ ಮೊದಲ ದಿನ ಹೇಳಿದ್ದು 'ನಂಜಾಗಿದೆ'. ಅಮ್ಮ ನಾಲ್ಕನೇ ದಿನ ಆಸ್ಪತ್ರೆಯಲ್ಲಿ ಹೇಳಿದ್ದು 'ನಂಜು ಏರಿದೆ'. ಯಾರೂ ಅವರಿಗೆ ಕಲಿಸಿಕೊಟ್ಟಿರಲಿಲ್ಲ. ಒಂದೇ ಕಡೆ ನಿಂತ ಸೋಂಕು, ಮೈಯೆಲ್ಲ ಹಿಡಿದ ಸೋಂಕು ಎಂಬ ವ್ಯತ್ಯಾಸ ನಮ್ಮ ಮಾತಿನಲ್ಲಿ ಆಗಲೇ ಇದೆ. ಹಾವು ಕಚ್ಚಿದಾಗ ವಿಷ ಏರಿತು ಅಂತೀವಲ್ಲ, ಅದೇ ಏರು. ಖಗೇಂದ್ರಮಣಿದರ್ಪಣದ ಲೋಕದಿಂದ ಉಳಿದು ಬಂದಿರೋ ಆ ಏರುವಿಕೆಯ ಭಯವನ್ನು ಗಾಯಕ್ಕೂ ಹಚ್ಚಬೇಕು. ಹಾವು ಕಚ್ಚಿದರೆ ಯಾರೂ ನಾಲ್ಕು ದಿನ ಕಾಯಲ್ಲ.

ಹಾಗಾಗಿ ಆರೋಗ್ಯದ ತಿಳಿವಳಿಕೆಯನ್ನು ಕನ್ನಡದಲ್ಲಿ ಬರೆಯುವವರಿಗೆ, ಡಾ. ಅನುಪಮಾ ನಿರಂಜನ ಅವರಂಥವರು 'ತಾಯಿ ಮಗು' ಬರೆದು ಹಾಕಿಕೊಟ್ಟ ದಾರಿಯಲ್ಲಿ ನಡೆಯುವವರಿಗೆ, ನನ್ನದೊಂದು ಕೋರಿಕೆ. ಸೆಪ್ಸಿಸ್‌ಗೆ ಹೊಸ ಸಂಸ್ಕೃತ ಪದ ಕಟ್ಟೋದಕ್ಕಿಂತ 'ನಂಜು ಆಗಿದೆಯಾ, ಏರಿದೆಯಾ' ಅಂತ ಕೇಳೋದನ್ನ ಕಲಿಸಿ. ಏರಿದ ಗುರುತು ಹೀಗೆ: ಮಾತು ತಪ್ಪುವುದು ಅಥವಾ ಮಂಕಾಗುವುದು, ಉಸಿರು ಓಡುವುದು, ಮೂತ್ರ ನಿಲ್ಲುವುದು, ಕೈಕಾಲು ತಣ್ಣಗಾಗಿ ಬಣ್ಣ ಕೆಡುವುದು, ನಡುಕದ ಜ್ವರ ಅಥವಾ ಮೈ ತೀರಾ ತಂಪಾಗುವುದು. ಇವು ಕಂಡರೆ ಪಥ್ಯದ ಮಾತು ಬಿಟ್ಟು ಹೊರಡಬೇಕು. ಗಡಿಯಲ್ಲಿರೋರಿಗೆ ಇನ್ನೊಂದು ಮಾತು: ಹೋದ ಕೂಡಲೇ ಪದ ಹೇಳಬೇಡಿ, ಗಾಯ ತೋರಿಸಿ.

ಆ ಹತ್ತು ನಿಮಿಷವನ್ನ ನಾನು ತುಂಬ ದಿನ ಆ ನರ್ಸಿನ ಲೆಕ್ಕಕ್ಕೆ ಬರೆದಿದ್ದೆ. ಈಗ ಅನ್ನಿಸೋದು, ಹತ್ತು ನಿಮಿಷ ಅವರದ್ದಾದರೆ ನಾಲ್ಕು ದಿನ ನಮ್ಮದು. ವಿಯೆನ್ನಾದ ಹಿರಿಯರ ಥರ ನಾವೂ ನಮ್ಮ ಕೈಯನ್ನ ಬಿಟ್ಟು ಬೇರೆಲ್ಲ ಕಡೆ ತಪ್ಪು ಹುಡುಕಿದ್ವಿ.

ತಾತ ಉಳಿದರು. ಎರಡು ಬೆರಳು ಹೋಯ್ತು. ಆರು ದಿನ ಐಸಿಯು, ಆಮೇಲೆ ಎರಡು ವಾರ ವಾರ್ಡು. ಹುಟ್ಟಿದ ಒಂಬತ್ತನೇ ದಿನ ನಂಜಿಗೆ ತಾಯಿಯನ್ನ ಕಳ್ಕೊಂಡ ಮನುಷ್ಯ ಅದೇ ನಂಜಿನಿಂದ ಎದ್ದು ಮನೆಗೆ ಬಂದರು. ಈ ಪ್ರಬಂಧದ ಮೊದಲ ಓದನ್ನ ಅವರಿಗೇ ಓದಿ ಹೇಳಿದೆ. ಮಾಸಿನ ವಿಷಯ ಬಂದಾಗ ತಡೆದು, "ಹಂಗಾದ್ರೆ ತಣ್ಣೀರು ಕುಡಿದಿದ್ದಕ್ಕೆ ಅಲ್ವಾ ನಮ್ಮವ್ವ ಸತ್ತಿದ್ದು?" ಅಂತ ಕೇಳಿದ್ರು. ಅಲ್ಲ ತಾತ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಕ್ಕೆ ಓದು" ಅಂದ್ರು.



ಸಂವಾದದಿಂದ

ಪ್ರಶ್ನೆ (ಸಹಪಾಠಿ): ನಂಜಿನ ಪದಾರ್ಥ, ಪಥ್ಯ ಎಲ್ಲ ಮೂಢನಂಬಿಕೆ ಅಂತಲಾ ನಿಮ್ಮ ಅಭಿಪ್ರಾಯ?

ಉತ್ತರ: ಆ ಪದ ಬಳಸಲ್ಲ. ಕೈಯಲ್ಲಿ ಬೇರೇನೂ ಇಲ್ಲದ ಕಾಲದಲ್ಲಿ ಪಥ್ಯ ಒಂದು ಆರೈಕೆಯಾಗಿತ್ತು, ಯಾರೋ ನಮ್ಮನ್ನ ನೋಡ್ಕೊಳ್ತಿದ್ದಾರೆ ಅನ್ನೋ ಧೈರ್ಯ ಅದರಲ್ಲಿತ್ತು. ಬದನೆಕಾಯಿ ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಪಥ್ಯ ಮಾಡ್ತಿದ್ದೀವಲ್ಲ ಅಂತ ಆಸ್ಪತ್ರೆಗೆ ಹೋಗೋದನ್ನ ಮುಂದೂಡಿದರೆ, ಬಾಣಂತಿ ಸತ್ತಾಗ ಪಥ್ಯದ ಹೆಸರಲ್ಲಿ ಅವಳನ್ನೇ ದೂರಿದರೆ, ಅಲ್ಲಿ ನನ್ನ ತಕರಾರು.

ಪ್ರಶ್ನೆ (ಅಧ್ಯಾಪಕರು): ಮುತ್ತಜ್ಜಿಯ ವಿಷಯದಲ್ಲಿ ನೀವು ಕಟ್ಟಿದ ವಿವರಣೆ ಎರಡು ವಾಕ್ಯದ ಮೇಲೆ ನಿಂತಿದೆ. ಗುಲಾಬಿ ಮುಳ್ಳಿನ ಕಥೆಯಂತೆ ಇದೂ ಒಂದು ಚೆಂದದ ಕಥೆ ಆಗಿಬಿಡುವ ಅಪಾಯ ಇಲ್ಲವೇ?

ಉತ್ತರ: ಇದೆ ಸರ್, ಒಪ್ತೀನಿ. ಅದಕ್ಕೇ 'ಸಾಧ್ಯತೆ' ಅಂತ ಬರೆದಿದ್ದೀನಿ. ಆದರೆ ತಣ್ಣೀರಿನ ಕಥೆಯೂ ಒಂದೇ ವಾಕ್ಯದ ಮೇಲೆ ಎಂಬತ್ತು ವರ್ಷ ನಿಂತಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಸಾಧ್ಯತೆಯನ್ನ ಇಡೋದು ನನ್ನ ಕೆಲಸ ಅನ್ನಿಸ್ತು. ನಮ್ಮ ಕಡೆ ಇನ್ನೂ ಎಷ್ಟೋ ಮನೆಗಳಲ್ಲಿ ಇಂಥ ವಾಕ್ಯಗಳಿವೆ. ಆ ತಲೆಮಾರು ಹೋಗೋ ಮೊದಲು ಅವನ್ನ ಎರಡೂ ಭಾಷೆಯಲ್ಲಿ ಕೇಳಿ ಬರೆದಿಡಬೇಕು ಅಂತಿದ್ದೀನಿ.